ಕೇಳುವ ಮುನ್ನ ಕೈನೀಡುವ ಯಂತ್ರ: ರೋಬೋಟ್‌ನ ಸ್ವಪ್ರೇರಣೆ, ಮನುಷ್ಯನ ಸೃಜನಶೀಲತೆ

ಎರಡೂ ಕೈಗಳಲ್ಲಿ ಪಾತ್ರೆ ಹಿಡಿದ ವ್ಯಕ್ತಿಯೊಬ್ಬ ಫ್ರಿಜ್‌ನತ್ತ ನಡೆಯುತ್ತಾನೆ. ಬಾಗಿಲು ತೆರೆಯಿರೆಂದು ಆತ ಹೇಳುವುದಿಲ್ಲ, ಸನ್ನೆಯನ್ನೂ ಮಾಡುವುದಿಲ್ಲ. ಪಕ್ಕದಲ್ಲಿ ನಿಂತಿದ್ದ ರೋಬೋಟ್ ತಾನಾಗಿಯೇ ಮುಂದೆ ಸರಿದು ಬಾಗಿಲು ತೆರೆಯುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ತೋರಿಸಿದ ಈ ಪ್ರಾತ್ಯಕ್ಷಿಕೆ ನೋಡಲು ಸರಳವಾಗಿತ್ತು. ಆದರೆ ರೋಬೋಟ್ ವಿಜ್ಞಾನದ ಹಳೆಯ ನಂಬಿಕೆಯೊಂದನ್ನು ಅದು ಅಲುಗಾಡಿಸಿತು. ಆಜ್ಞೆ ಕೊಡುವವನು ಮನುಷ್ಯ, ಪಾಲಿಸುವುದು ಯಂತ್ರ ಎಂಬ ಕ್ರಮ ಇಲ್ಲಿ ಬದಲಾಗಿತ್ತು. ಕೆಲಸವನ್ನು ಆರಂಭಿಸಿದ್ದು ಯಂತ್ರ.

ಹೀಗೆ ಕೇಳದೆಯೇ ಮುಂದಾಗುವ ಗುಣವನ್ನು ಸಂಶೋಧಕರು ಸ್ವಯಂಪ್ರೇರಿತ ವರ್ತನೆ ಎನ್ನುತ್ತಾರೆ. ಹೊಸದನ್ನು ಯೋಚಿಸುವ, ಇತರರಲ್ಲೂ ಹೊಸ ಯೋಚನೆ ಮೂಡಿಸುವ ಶಕ್ತಿ ಸೃಜನಶೀಲತೆ. ಮನುಷ್ಯ ಮತ್ತು ರೋಬೋಟ್‌ಗಳ ಒಡನಾಟದ ಅಧ್ಯಯನದಲ್ಲಿ ಇವೆರಡೂ ಇಂದು ಪ್ರಮುಖ ವಿಷಯಗಳಾಗಿವೆ. ಕಾರ್ಖಾನೆಯ ಕಾರ್ಮಿಕ, ಶಾಲೆಯ ಮಗು, ಮನೆಯಲ್ಲಿ ಒಂಟಿಯಾಗಿರುವ ವೃದ್ಧರು ಇಂತಹ ಯಂತ್ರಗಳ ನೇರ ಸಂಪರ್ಕಕ್ಕೆ ಬರುತ್ತಿದ್ದಾರೆ. ಆದ್ದರಿಂದ ಒಂದು ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ಯಂತ್ರ ತಾನಾಗಿಯೇ ಮುಂದಾದಾಗ ಮನುಷ್ಯನ ಸಾಮರ್ಥ್ಯ ಹಿಗ್ಗುತ್ತದೆಯೋ, ಕುಗ್ಗುತ್ತದೆಯೋ?

ಎರಡು ಪದಗಳ ಅರ್ಥ

ಮನೆಗೆ ಬಂದ ಅತಿಥಿಗೆ ನೀರು ಬೇಕೇ ಎಂದು ಕೇಳುವ ಮೊದಲೇ ಬೆಲ್ಲ, ನೀರು ತಂದಿಡುವುದು ನಮ್ಮಲ್ಲಿ ರೂಢಿ. ಬಿಸಿಲಿನಲ್ಲಿ ಬಂದವರಿಗೆ ಬಾಯಾರಿರುತ್ತದೆ ಎಂಬ ಊಹೆ ಇದರ ಹಿಂದಿದೆ. ಇದು ಸ್ವಯಂಪ್ರೇರಿತ ವರ್ತನೆಯ ಅತಿ ಸರಳ ಉದಾಹರಣೆ. ಇದರಲ್ಲಿ ಮೂರು ಹಂತಗಳಿವೆ: ಎದುರಿಗಿರುವವರ ಸ್ಥಿತಿಯನ್ನು ಗಮನಿಸುವುದು, ಮುಂದಿನ ಅಗತ್ಯವನ್ನು ಊಹಿಸುವುದು, ಆ ಅಗತ್ಯ ಮಾತಿಗೆ ಬರುವ ಮೊದಲೇ ಕೃತಿಗಿಳಿಯುವುದು. ಸ್ವಿಚ್ ಒತ್ತಿದಾಗ ಉರಿಯುವ ದೀಪದಲ್ಲಿ ಈ ಮೂರೂ ಇಲ್ಲ. ಗೊತ್ತುಪಡಿಸಿದ ಹೊತ್ತಿಗೆ ಬಾರಿಸುವ ಅಲಾರಂ ಕೂಡ ಮುಂದಾಗುವ ಯಂತ್ರವಲ್ಲ, ಏಕೆಂದರೆ ಅದು ಪಾಲಿಸುವುದು ಮೊದಲೇ ಕೊಟ್ಟ ಆಜ್ಞೆಯನ್ನು.

ಸೃಜನಶೀಲತೆಯನ್ನು ವಿವರಿಸುವುದು ಇನ್ನೂ ಕಠಿಣ. ಬ್ರಿಟಿಷ್ ಚಿಂತಕಿ ಮಾರ್ಗರೆಟ್ ಬೋಡೆನ್ ಅವರ ಪ್ರಕಾರ ಹೊಸತಾಗಿರುವ, ಅಚ್ಚರಿ ಹುಟ್ಟಿಸುವ ಮತ್ತು ಮೌಲ್ಯವುಳ್ಳ ಕಲ್ಪನೆಯೇ ಸೃಜನಶೀಲ ಕಲ್ಪನೆ. ಅವರು ಅದನ್ನು ಮೂರು ಬಗೆಯಾಗಿ ವಿಂಗಡಿಸಿದರು. ಪರಿಚಿತ ಸಂಗತಿಗಳನ್ನು ಅಪರಿಚಿತ ರೀತಿಯಲ್ಲಿ ಜೋಡಿಸುವುದು ಒಂದು. ಇರುವ ನಿಯಮಗಳೊಳಗೇ ಹೊಸ ಸಾಧ್ಯತೆ ಹುಡುಕುವುದು ಇನ್ನೊಂದು. ನಿಯಮಗಳನ್ನೇ ಬದಲಿಸುವುದು ಮೂರನೆಯದು.

ಯಂತ್ರಕ್ಕೆ ಇದು ಸಾಧ್ಯವೇ ಎಂಬ ವಾದ ಹಳೆಯದು. ಚಾರ್ಲ್ಸ್ ಬ್ಯಾಬೇಜ್ ರೂಪಿಸಿದ ಗಣಕಯಂತ್ರದ ಬಗ್ಗೆ 1843ರಲ್ಲಿ ಟಿಪ್ಪಣಿ ಬರೆದ ಅಡಾ ಲವ್‌ಲೇಸ್, ಯಂತ್ರವು ಸ್ವಂತವಾಗಿ ಏನನ್ನೂ ಹುಟ್ಟುಹಾಕಲಾರದು, ನಾವು ಹೇಳಿಕೊಡಬಲ್ಲದ್ದನ್ನು ಮಾತ್ರ ಮಾಡಬಲ್ಲದು ಎಂದು ಅಭಿಪ್ರಾಯಪಟ್ಟಿದ್ದರು. ಯಂತ್ರಗಳು ತಮ್ಮನ್ನು ಆಗಾಗ ಅಚ್ಚರಿಗೊಳಿಸುತ್ತವೆ ಎಂದು 1950ರ ಲೇಖನದಲ್ಲಿ ಅಲನ್ ಟ್ಯೂರಿಂಗ್ ಉತ್ತರಿಸಿದರು. ಆ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಸ್ವಪ್ರೇರಣೆ ಮತ್ತು ಸೃಜನಶೀಲತೆ ಎರಡಕ್ಕೂ ಸಮಾನವಾದ ಒಂದು ಲಕ್ಷಣವನ್ನು ಗುರುತಿಸಬಹುದು. ಎರಡೂ ಯಾರೂ ಕೇಳದ್ದನ್ನು ಮಾಡುತ್ತವೆ. ಅದು ನೆರವೋ ಕಿರಿಕಿರಿಯೋ, ಕಲೆಯೋ ಅಸಂಬದ್ಧವೋ ಎಂಬುದನ್ನು ತೀರ್ಮಾನಿಸುವವನು ಮಾತ್ರ ಎದುರಿಗಿರುವ ಮನುಷ್ಯ.

ಆಜ್ಞಾಪಾಲನೆಯಿಂದ ಸಹಭಾಗಿತ್ವದತ್ತ

ರೋಬೋಟ್ ಎಂಬ ಪದದ ಮೂಲವೇ ದಾಸ್ಯ. ಝೆಕ್ ಲೇಖಕ ಕಾರೆಲ್ ಚಾಪೆಕ್ ಅವರ ‘ಆರ್.ಯು.ಆರ್.’ ನಾಟಕ 1921ರಲ್ಲಿ ಪ್ರಾಗ್ ನಗರದಲ್ಲಿ ರಂಗವೇರಿದಾಗ ಈ ಪದ ಪ್ರಚಾರಕ್ಕೆ ಬಂತು. ಬಿಟ್ಟಿ ದುಡಿಮೆ ಎಂಬರ್ಥದ ಝೆಕ್ ಪದದಿಂದ ಇದನ್ನು ಸೂಚಿಸಿದವರು ಅವರ ಸಹೋದರ ಯೋಸೆಫ್ ಚಾಪೆಕ್. ಐಸಾಕ್ ಅಸಿಮೊವ್ 1942ರ ಕಥೆಯೊಂದರಲ್ಲಿ ರೋಬೋಟ್‌ಗಳಿಗೆ ಮೂರು ನಿಯಮಗಳನ್ನು ವಿಧಿಸಿದರು. ಅವುಗಳಲ್ಲಿ ಮೊದಲನೆಯದು ಗಮನಾರ್ಹ. ರೋಬೋಟ್ ಮನುಷ್ಯನಿಗೆ ಹಾನಿ ಮಾಡಬಾರದು ಎಂದಷ್ಟೇ ಹೇಳದೆ, ಸುಮ್ಮನಿದ್ದು ಹಾನಿಯಾಗಲು ಬಿಡಲೂ ಬಾರದು ಎಂದು ಅದು ವಿಧಿಸುತ್ತದೆ. ಅಂದರೆ ಅಪಾಯ ಕಂಡಾಗ ಕೇಳದೆಯೇ ಮುಂದಾಗುವ ಹೊಣೆಯನ್ನು ಕಥೆಗಾರ ಆಗಲೇ ಯಂತ್ರಕ್ಕೆ ವಹಿಸಿದ್ದ.

ವಾಸ್ತವದ ರೋಬೋಟ್‌ಗಳು ಇದಕ್ಕೆ ತೀರಾ ದೂರವಿದ್ದವು. ಅಮೆರಿಕದ ನ್ಯೂಜೆರ್ಸಿಯ ಕಾರು ತಯಾರಿಕಾ ಘಟಕವೊಂದರಲ್ಲಿ 1961ರಲ್ಲಿ ಕೆಲಸ ಆರಂಭಿಸಿದ ‘ಯೂನಿಮೇಟ್’ ಬಿಸಿಯಾದ ಲೋಹದ ಭಾಗಗಳನ್ನು ಎತ್ತಿಡುವ ಒಂದು ತೋಳು ಮಾತ್ರ. ತನ್ನ ಸುತ್ತ ಮನುಷ್ಯರಿದ್ದಾರೆಯೇ ಎಂಬುದು ಅದಕ್ಕೆ ತಿಳಿಯುತ್ತಿರಲಿಲ್ಲ. ಮಿಷಿಗನ್ ರಾಜ್ಯದ ಘಟಕವೊಂದರಲ್ಲಿ 1979ರ ಜನವರಿಯಲ್ಲಿ ಕಾರ್ಮಿಕರೊಬ್ಬರು ಯಂತ್ರದ ತೋಳಿನ ಹೊಡೆತಕ್ಕೆ ಸಿಕ್ಕಿ ಮೃತಪಟ್ಟರು. ರೋಬೋಟ್‌ನಿಂದ ಸಂಭವಿಸಿದ ಮೊದಲ ಸಾವು ಇದೆಂದು ದಾಖಲಾಗಿದೆ. ಕೈಗಾರಿಕಾ ರೋಬೋಟ್‌ಗಳನ್ನು ಬೇಲಿಯೊಳಗಿಟ್ಟು ಮನುಷ್ಯರನ್ನು ಹೊರಗಿಡುವುದೇ ಸುರಕ್ಷತೆಯ ಮುಖ್ಯ ದಾರಿಯಾಗಿತ್ತು.

ಬೇಲಿ ತೆಗೆಯಬೇಕಾದರೆ ಯಂತ್ರ ಮನುಷ್ಯನನ್ನು ಗಮನಿಸಲು ಕಲಿಯಬೇಕಿತ್ತು. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ (ಎಂಐಟಿ) 1990ರ ದಶಕದ ಕೊನೆಯಲ್ಲಿ ಸಿಂಥಿಯಾ ಬ್ರೆಝೀಲ್ ರೂಪಿಸಿದ ‘ಕಿಸ್ಮೆಟ್’ ಈ ದಿಕ್ಕಿನ ಆರಂಭಿಕ ಹೆಜ್ಜೆಗಳಲ್ಲೊಂದು. ಹುಬ್ಬು, ಕಿವಿ, ತುಟಿಗಳಿದ್ದ ಈ ಯಾಂತ್ರಿಕ ಮುಖ ಒಡನಾಟ ಬೇಕೆನಿಸಿದಾಗ ಜನರತ್ತ ಬಾಗುತ್ತಿತ್ತು, ಯಾರಾದರೂ ತೀರಾ ಹತ್ತಿರ ಬಂದರೆ ಹಿಂದೆ ಸರಿಯುತ್ತಿತ್ತು. ಮನುಷ್ಯ ಮತ್ತು ರೋಬೋಟ್ ಒಡನಾಟಕ್ಕೇ ಮೀಸಲಾದ ಅಂತರರಾಷ್ಟ್ರೀಯ ಸಮ್ಮೇಳನ 2006ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಆರಂಭವಾಯಿತು. ಮನುಷ್ಯರ ಪಕ್ಕದಲ್ಲೇ ದುಡಿಯುವ ರೋಬೋಟ್‌ಗಳ ಸುರಕ್ಷತೆಗೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆ 2016ರಲ್ಲಿ ಪ್ರತ್ಯೇಕ ಮಾರ್ಗಸೂಚಿ ಪ್ರಕಟಿಸಿತು.

ಯಂತ್ರ ಊಹಿಸುವುದು ಹೇಗೆ?

ಕಾರ್ನೆಲ್‌ನ ಪ್ರಯೋಗವನ್ನು ನಡೆಸಿದವರು ಭಾರತೀಯ ಮೂಲದ ಹೇಮಾ ಕೊಪ್ಪುಲ ಮತ್ತು ಅಶುತೋಷ್ ಸಕ್ಸೇನಾ. ಆಳವನ್ನೂ ಅಳೆಯಬಲ್ಲ ಕ್ಯಾಮೆರಾದ ಮೂಲಕ ರೋಬೋಟ್ ಮನುಷ್ಯನ ಚಲನೆಯನ್ನು ನೋಡುತ್ತಿತ್ತು. ಜನರ ದೈನಂದಿನ ಕೆಲಸಗಳ 120 ವಿಡಿಯೊಗಳಿಂದ ಅದು ಕಲಿತಿತ್ತು. ಜತೆಗೆ ಯಾವ ವಸ್ತುವಿನಿಂದ ಏನು ಮಾಡಬಹುದು ಎಂಬ ತಿಳಿವಳಿಕೆಯನ್ನೂ ಅದಕ್ಕೆ ನೀಡಲಾಗಿತ್ತು. ಲೋಟವನ್ನು ಕುಡಿಯಲು ಬಳಸಬಹುದು, ಸುರಿಯಲೂಬಹುದು, ಬೇರೆಡೆ ಇಡಲೂಬಹುದು. ಕೈ ಚಲಿಸುವ ದಿಕ್ಕನ್ನು ನೋಡಿ ಇವುಗಳಲ್ಲಿ ಹೆಚ್ಚು ಸಂಭವನೀಯ ಯಾವುದೆಂದು ಗಣಕ ಲೆಕ್ಕ ಹಾಕುತ್ತಿತ್ತು.

ಫಲಿತಾಂಶದ ಅಂಕಿಗಳು ಬೋಧಪ್ರದವಾಗಿವೆ. ಮುಂದಿನ 1 ಸೆಕೆಂಡಿನಲ್ಲಿ ನಡೆಯುವುದನ್ನು ರೋಬೋಟ್ ಶೇ 82ರಷ್ಟು ಬಾರಿ ಸರಿಯಾಗಿ ಊಹಿಸಿತು. 3 ಸೆಕೆಂಡುಗಳ ಮುಂದಿನ ಊಹೆ ಶೇ 71ರಷ್ಟು ಸರಿಯಾಗಿತ್ತು. 10 ಸೆಕೆಂಡುಗಳಿಗೆ ಹೋದಾಗ ಪ್ರಮಾಣ ಶೇ 57ಕ್ಕೆ ಇಳಿಯಿತು. ಹೆಚ್ಚು ಮುಂಚಿತವಾಗಿ ನೆರವಾಗಬೇಕೆಂದರೆ ಹೆಚ್ಚು ತಪ್ಪುಗಳನ್ನು ಒಪ್ಪಿಕೊಳ್ಳಬೇಕು. ಸ್ವಯಂಪ್ರೇರಿತ ಯಂತ್ರಗಳ ಮೂಲ ಇಕ್ಕಟ್ಟು ಈ ಮೂರು ಸಂಖ್ಯೆಗಳಲ್ಲೇ ಇದೆ.

ಊಹೆಯಿಂದ ಸಿಗುವ ಲಾಭ ಕೆಲಸ ಮಾಡುವುದರಲ್ಲಷ್ಟೇ ಅಲ್ಲ, ಮಾಡದಿರುವುದರಲ್ಲೂ ಇದೆ. ಅದೇ ತಂಡ ತೋರಿಸಿದ ಇನ್ನೊಂದು ಪ್ರಸಂಗದಲ್ಲಿ ರೋಬೋಟ್ ಲೋಟಕ್ಕೆ ಪಾನೀಯ ಸುರಿಯಬೇಕಿತ್ತು. ಕುಳಿತ ವ್ಯಕ್ತಿ ಲೋಟವನ್ನು ಎತ್ತಿಕೊಳ್ಳಲಿದ್ದಾನೆ ಎಂದು ಊಹಿಸಿದಾಗ ರೋಬೋಟ್ ಕೈ ತಡೆದು ಕಾಯಿತು. ಮುಂದಾಲೋಚನೆ ಇಲ್ಲದ ಯಂತ್ರವಾಗಿದ್ದರೆ ಪಾನೀಯ ಮೇಜಿನ ಮೇಲೆ ಚೆಲ್ಲುತ್ತಿತ್ತು. ಸರಿಯಾದ ಹೊತ್ತಿನಲ್ಲಿ ಸುಮ್ಮನಿರುವುದೂ ಸ್ವಪ್ರೇರಣೆಯ ಒಂದು ರೂಪ.

ಒಂದೂವರೆ ವರ್ಷದ ಮಗುವಿನ ಪಾಠ

ಮನುಷ್ಯರಲ್ಲಿ ಈ ಗುಣ ಎಷ್ಟು ಬೇಗ ಮೂಡುತ್ತದೆ ಎಂಬುದನ್ನು ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಸೆಲೊ ಅವರು 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿಕೊಟ್ಟಿತು. ಇದರಲ್ಲಿ 18 ತಿಂಗಳ ವಯಸ್ಸಿನ 24 ಮಕ್ಕಳಿದ್ದರು. ಬಟ್ಟೆ ಒಣಗಿಸುತ್ತಿದ್ದ ವ್ಯಕ್ತಿಯ ಕೈಯಿಂದ ಕ್ಲಿಪ್ ಜಾರಿ ಬಿದ್ದು, ಬಾಗಿದರೂ ಅದು ಎಟುಕದಿದ್ದಾಗ ಮಕ್ಕಳು ತಾವಾಗಿಯೇ ಹೋಗಿ ಎತ್ತಿಕೊಟ್ಟರು. ಕೈತುಂಬ ಪತ್ರಿಕೆಗಳನ್ನು ಹೊತ್ತು ಕಪಾಟಿನ ಬಾಗಿಲಿಗೆ ಡಿಕ್ಕಿ ಹೊಡೆಯುತ್ತಿದ್ದವನಿಗೆ ಬಾಗಿಲು ತೆರೆದುಕೊಟ್ಟರು. 24 ಮಕ್ಕಳಲ್ಲಿ 22 ಮಂದಿ ಕನಿಷ್ಠ ಒಂದು ಸಂದರ್ಭದಲ್ಲಾದರೂ ನೆರವಾದರು. ಅವರಿಗೆ ಯಾರೂ ಹೇಳಿರಲಿಲ್ಲ, ಬಹುಮಾನವೂ ಇರಲಿಲ್ಲ.

ಅಧ್ಯಯನದ ತಿರುಳು ಇರುವುದು ಹೋಲಿಕೆಗಾಗಿ ನಡೆಸಿದ ಎರಡನೇ ಭಾಗದಲ್ಲಿ. ಅದೇ ವ್ಯಕ್ತಿ ಕ್ಲಿಪ್ಪನ್ನು ಬೇಕೆಂದೇ ನೆಲಕ್ಕೆಸೆದಾಗ ಹೆಚ್ಚಿನ ಮಕ್ಕಳು ಅದನ್ನು ಎತ್ತಿಕೊಡಲು ಮುಂದಾಗಲಿಲ್ಲ. ಕ್ಲಿಪ್ ಬಿದ್ದದ್ದು ಎರಡೂ ಸಲ ಒಂದೇ ಜಾಗದಲ್ಲಿ. ಭಿನ್ನವಾಗಿದ್ದದ್ದು ವ್ಯಕ್ತಿಯ ಉದ್ದೇಶ. ಮಾತು ಇನ್ನೂ ನೆಟ್ಟಗೆ ಬಾರದ ಮಗು ಆ ಭಿನ್ನತೆಯನ್ನು ಗ್ರಹಿಸಿತ್ತು. ನೆಲದ ಮೇಲಿನ ವಸ್ತುವನ್ನು ಗುರುತಿಸಿ ಎತ್ತುವ ರೋಬೋಟ್‌ಗಳು ಇಂದು ಹಲವಿವೆ. ಅದು ಬಿದ್ದದ್ದೋ ಬಿಸುಟಿದ್ದೋ ಎಂಬುದನ್ನು ಮಗುವಿನಷ್ಟು ಸಹಜವಾಗಿ ಅರಿಯುವುದು ಅವುಗಳಿಗೆ ಈಗಲೂ ಕಷ್ಟ.

ಮಾಡುವುದೇ, ಕೇಳುವುದೇ, ಸುಮ್ಮನಿರುವುದೇ?

ಯಂತ್ರಕ್ಕೆ ಎಷ್ಟು ಸ್ವಾತಂತ್ರ್ಯ ಕೊಡಬೇಕೆಂಬ ಚರ್ಚೆಗೆ 1978ರಲ್ಲಿ ಥಾಮಸ್ ಶೆರಿಡನ್ ಮತ್ತು ವಿಲಿಯಂ ವರ್‌ಪ್ಲ್ಯಾಂಕ್ ಒಂದು ಅಳತೆಗೋಲು ಒದಗಿಸಿದರು. ಸಮುದ್ರದಾಳದ ದೂರನಿಯಂತ್ರಿತ ಯಂತ್ರಗಳ ಅಧ್ಯಯನದಲ್ಲಿ ರೂಪುಗೊಂಡ ಈ ಅಳತೆಗೋಲಿಗೆ 10 ಮೆಟ್ಟಿಲುಗಳಿವೆ. ಮೊದಲ ಮೆಟ್ಟಿಲಿನಲ್ಲಿ ಎಲ್ಲವನ್ನೂ ಮನುಷ್ಯನೇ ಮಾಡುತ್ತಾನೆ. ಮಧ್ಯದ ಮೆಟ್ಟಿಲುಗಳಲ್ಲಿ ಯಂತ್ರ ಆಯ್ಕೆಗಳನ್ನು ಮುಂದಿಡುತ್ತದೆ, ಒಂದನ್ನು ಸೂಚಿಸುತ್ತದೆ, ಒಪ್ಪಿಗೆ ಸಿಕ್ಕರೆ ಜಾರಿಗೊಳಿಸುತ್ತದೆ, ಅಥವಾ ತಡೆಯಲು ಸ್ವಲ್ಪ ಅವಕಾಶ ಕೊಟ್ಟು ತಾನೇ ಮುಂದುವರಿಯುತ್ತದೆ. ಕೊನೆಯ ಮೆಟ್ಟಿಲಿನಲ್ಲಿ ಮನುಷ್ಯನನ್ನು ಲೆಕ್ಕಿಸದೆ ಯಂತ್ರವೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಸ್ವಯಂಪ್ರೇರಿತ ರೋಬೋಟ್ ಎಂದರೆ ಹತ್ತನೇ ಮೆಟ್ಟಿಲಿನ ರೋಬೋಟ್ ಎಂದೇನಲ್ಲ. ಕೇಳದೆಯೇ ಒಂದು ಸಲಹೆ ನೀಡಿ ಉತ್ತರಕ್ಕೆ ಕಾಯುವ ಯಂತ್ರವೂ ಮುಂದಾದಂತೆಯೇ.

ಮೈಕ್ರೊಸಾಫ್ಟ್‌ನ ಸಂಶೋಧಕ ಎರಿಕ್ ಹಾರ್ವಿಟ್ಸ್ 1999ರಲ್ಲಿ ಇದನ್ನು ಲಾಭ-ನಷ್ಟದ ಲೆಕ್ಕವಾಗಿ ವಿವರಿಸಿದರು. ಬಳಕೆದಾರನಿಗೆ ನೆರವು ಬೇಕಿರುವ ಸಂಭವನೀಯತೆ ಹೆಚ್ಚಿದ್ದರೆ ಯಂತ್ರ ಕೆಲಸಕ್ಕಿಳಿಯಬೇಕು. ಕಡಿಮೆಯಿದ್ದರೆ ಸುಮ್ಮನಿರಬೇಕು. ನಡುವಿನ ಅನಿಶ್ಚಿತ ಸ್ಥಿತಿಯಲ್ಲಿ ಕೇಳಬೇಕು. ಕೇಳುವುದಕ್ಕೂ ಬೆಲೆಯಿದೆ, ಏಕೆಂದರೆ ಪ್ರತಿ ಪ್ರಶ್ನೆಯೂ ಮನುಷ್ಯನ ಗಮನವನ್ನು ಕದಡುತ್ತದೆ.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅದೇ ಕಂಪನಿಯ ‘ಕ್ಲಿಪ್ಪಿ’ ಸಾಕ್ಷಿ. ಆಫೀಸ್ 97 ತಂತ್ರಾಂಶದಲ್ಲಿ ಕಾಣಿಸಿಕೊಂಡ ಈ ಕಾಗದದ ಪಿನ್ನು ಪತ್ರ ಬರೆಯುತ್ತಿರುವಿರೇನೋ, ನೆರವು ಬೇಕೇ ಎಂದು ಪದೇ ಪದೇ ವಿಚಾರಿಸುತ್ತಿತ್ತು. ಬೇಡವೆಂದವರನ್ನೂ ಅದು ಬಿಡುತ್ತಿರಲಿಲ್ಲ. 2001ರ ಆವೃತ್ತಿಯಲ್ಲಿ ಅದನ್ನು ಬಳಕೆದಾರರು ಬಯಸಿದರೆ ಮಾತ್ರ ಬರುವಂತೆ ಮಾಡಲಾಯಿತು, 2007ರ ಆವೃತ್ತಿಯಲ್ಲಿ ಕೈಬಿಡಲಾಯಿತು. ಪರದೆಯ ಮೇಲಿನ ಚಿತ್ರ ಅಡ್ಡ ಬಂದರೆ ಕಿರಿಕಿರಿ ಮಾತ್ರ. ತೂಕವುಳ್ಳ ಲೋಹದ ತೋಳು ಹೀಗೆಯೇ ಅಡ್ಡ ಬಂದರೆ ಅದು ಅಪಾಯ.

ಪಕ್ಕವಾದ್ಯದಂತಹ ಜತೆಗಾರ

ಸರಿಯಾದ ಹೊತ್ತು ಎಂಬುದರ ಮಹತ್ವವನ್ನು ಬ್ರೆಝೀಲ್ ಮತ್ತು ಗೈ ಹಾಫ್‌ಮನ್ 2007ರಲ್ಲಿ ಪ್ರಯೋಗದ ಮೂಲಕ ಪರಿಶೀಲಿಸಿದರು. ಗಣಕದಲ್ಲಿ ಸೃಷ್ಟಿಸಿದ ಜೋಡಣಾ ಘಟಕದಲ್ಲಿ ಜನರು ರೋಬೋಟ್ ಜತೆ ಕೆಲಸ ಮಾಡಿದರು. ಒಂದು ಗುಂಪಿನ ಜತೆಗಾರ ಹೇಳಿದ ನಂತರ ಮಾತ್ರ ಪ್ರತಿಕ್ರಿಯಿಸುತ್ತಿದ್ದರೆ ಇನ್ನೊಂದು ಗುಂಪಿನದು ಮುಂದಿನ ಹೆಜ್ಜೆಯನ್ನು ಊಹಿಸಿ ಸಿದ್ಧವಾಗುತ್ತಿತ್ತು. ಎರಡನೇ ಬಗೆಯ ರೋಬೋಟ್ ಜತೆಗಿದ್ದ ತಂಡಗಳು ಉತ್ತಮ ಸಂದರ್ಭಗಳಲ್ಲಿ ಹೆಚ್ಚು ದಕ್ಷವಾಗಿದ್ದವು. ಅಷ್ಟೇ ಅಲ್ಲದೆ ಆ ರೋಬೋಟ್ ತಂಡಕ್ಕೆ ಹೆಚ್ಚು ನಿಷ್ಠವಾಗಿದೆ ಎಂದೂ ಜನರಿಗೆ ಅನ್ನಿಸಿತ್ತು.

ಸಂಗೀತ ಕಛೇರಿಗೆ ಹೋಗುವವರಿಗೆ ಇದು ಹೊಸ ವಿಷಯವಲ್ಲ. ಗಾಯಕರ ಮುಂದಿನ ಸಂಚಾರವನ್ನು ಊಹಿಸಬಲ್ಲ ಪಿಟೀಲುವಾದಕರು ಒಳ್ಳೆಯ ಪಕ್ಕವಾದ್ಯದವರೆನಿಸುತ್ತಾರೆ. ಊಹೆ ಸರಿಯಿದ್ದರೂ ಗಾಯಕರನ್ನು ದಾಟಿ ಹೋಗದಿರುವುದು ಅವರ ಸಂಯಮ. ತಮ್ಮ ಸರದಿ ಬಂದಾಗ ಕೇಳಿದ್ದನ್ನೇ ಒಪ್ಪಿಸದೆ ಸ್ವಂತದ್ದನ್ನು ಸೇರಿಸುವುದು ಸೃಜನಶೀಲತೆ.

ಜಾರ್ಜಿಯಾ ತಂತ್ರಜ್ಞಾನ ಸಂಸ್ಥೆಯಲ್ಲಿ ಗಿಲ್ ವೈನ್‌ಬರ್ಗ್ ಅವರ ತಂಡ ಕಟ್ಟಿದ ‘ಹೈಲಿ’ ಮತ್ತು ‘ಶಿಮೊನ್’ ರೋಬೋಟ್‌ಗಳು ಇಂತಹ ಜತೆಗಾರಿಕೆಯತ್ತ ಸಾಗಿದ ಪ್ರಯತ್ನಗಳು. 2006ರ ಸುಮಾರಿನ ಹೈಲಿ ಮನುಷ್ಯರ ಡೋಲಿನ ಲಯವನ್ನು ಕೇಳಿ, ಅದನ್ನು ಬದಲಿಸಿ ಉತ್ತರವಾಗಿ ನುಡಿಸುತ್ತಿತ್ತು. ನಾಲ್ಕು ತೋಳುಗಳ ಶಿಮೊನ್ ಮರದ ಪಟ್ಟಿಗಳ ಮರಿಂಬಾ ವಾದ್ಯವನ್ನು ನುಡಿಸುತ್ತದೆ, ಮನುಷ್ಯ ಕಲಾವಿದರ ಜತೆ ಜಾಝ್ ಶೈಲಿಯಲ್ಲಿ ಸ್ಥಳದಲ್ಲೇ ರಚನೆ ಕಟ್ಟುತ್ತದೆ. ಅದರ ತಲೆ ತಾಳಕ್ಕೆ ಸರಿಯಾಗಿ ಆಡುತ್ತದೆ. ಸ್ವರ ಹೊರಡಿಸಲು ಆ ತಲೆಯ ಅಗತ್ಯವಿಲ್ಲ. ಯಂತ್ರದ ಮುಂದಿನ ನಡೆ ಏನೆಂದು ಜತೆಗಿರುವ ಮನುಷ್ಯರಿಗೆ ತಿಳಿಯಲಿ ಎಂಬುದಕ್ಕಾಗಿ ಅದಿದೆ. ಮುಂದಾಗುವ ಯಂತ್ರ ತನ್ನ ಇಂಗಿತವನ್ನು ಮೊದಲೇ ತೋರಿಸಿಕೊಳ್ಳಬೇಕು ಎಂಬ ತತ್ವವನ್ನು ಸಂಗೀತ ಹೀಗೆ ಕಲಿಸಿತು.

ಕಲ್ಪನೆಗೆ ಕಿಡಿ ಹೊತ್ತಿಸುವುದು

ರೋಬೋಟ್ ಸ್ವತಃ ಸೃಜನಶೀಲವೇ ಎಂಬ ಪ್ರಶ್ನೆಗಿಂತ ಅದು ಮನುಷ್ಯನ ಸೃಜನಶೀಲತೆಯನ್ನು ಬೆಳೆಸಬಲ್ಲದೇ ಎಂಬ ಪ್ರಶ್ನೆಯನ್ನು ಅಳೆದು ನೋಡುವುದು ಸುಲಭ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೀಟರ್ ಕಾನ್ ಮತ್ತು ಸಹೋದ್ಯೋಗಿಗಳು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 48 ಯುವಜನರಿಗೆ ಜಪಾನಿನ ಝೆನ್ ಶೈಲಿಯ ಕಲ್ಲಿನ ತೋಟವೊಂದನ್ನು ರೂಪಿಸುವ ಕೆಲಸ ನೀಡಲಾಯಿತು. ಕೆಲವರಿಗೆ ಮಾನವಾಕಾರದ ರೋಬೋಟ್ ಜತೆಗಾರನಾಗಿ ಉತ್ತೇಜನ ನೀಡಿತು. ಉಳಿದವರಿಗೆ ಅದೇ ಮಾಹಿತಿ ಪರದೆಯ ಮೇಲೆ ಸಿಕ್ಕಿತು. ರೋಬೋಟ್ ಜತೆಗಿದ್ದವರು ಹೆಚ್ಚು ಹೊತ್ತು ತೊಡಗಿಕೊಂಡರು, ಅವರಿಂದ ಮೂಡಿದ ಸೃಜನಶೀಲ ಅಭಿವ್ಯಕ್ತಿಗಳ ಸಂಖ್ಯೆಯೂ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು.

ಎಂಐಟಿಯ ಸಫೀನಾ ಅಲಿ ಮತ್ತು ಸಂಗಡಿಗರು ಮಕ್ಕಳೊಂದಿಗೆ ಇಂತಹದೇ ಪ್ರಯೋಗ ನಡೆಸಿದರು. ಅಸ್ಪಷ್ಟ ಗೆರೆಚಿತ್ರವೊಂದಕ್ಕೆ ಬಗೆಬಗೆಯ ಹೆಸರು ಕೊಡುವ ಆಟವನ್ನು ಮಕ್ಕಳು ‘ಜಿಬೊ’ ಎಂಬ ಪುಟ್ಟ ರೋಬೋಟ್ ಜತೆ ಆಡಿದರು. ರೋಬೋಟ್ ವಿಚಿತ್ರವಾದ, ಅನಿರೀಕ್ಷಿತ ಹೆಸರುಗಳನ್ನು ಹೇಳಿದಾಗ ಮಕ್ಕಳೂ ಹೆಚ್ಚು ಸೃಜನಶೀಲವಾಗಿ ಯೋಚಿಸಿದರು.

ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ ಪೆಟ್ರೀಷಿಯಾ ಆಲ್ವಿಸ್-ಒಲಿವೇರಾ ಅವರ ತಂಡ ಮಕ್ಕಳನ್ನೇ ವಿನ್ಯಾಸದಲ್ಲಿ ತೊಡಗಿಸಿ ರೂಪಿಸಿದ ‘ಯೋಲೊ’ ಇನ್ನೂ ಸರಳ. ಅದು ಮಾತನಾಡುವುದಿಲ್ಲ, ಬೆಳಕು ಮತ್ತು ಚಲನೆಗಳಲ್ಲೇ ಪ್ರತಿಕ್ರಿಯಿಸುತ್ತದೆ. ಕಥೆ ಕಟ್ಟುತ್ತಾ ಮಗು ಅದನ್ನು ಆಡಿಸಿದರೆ ಕೆಲವೊಮ್ಮೆ ಮಗುವಿನ ಚಲನೆಯನ್ನೇ ಅನುಕರಿಸುತ್ತದೆ, ಕೆಲವೊಮ್ಮೆ ಬೇಕೆಂದೇ ಭಿನ್ನವಾಗಿ ಚಲಿಸುತ್ತದೆ. ಆ ಭಿನ್ನತೆಗೆ ಅರ್ಥ ಕೊಡಬೇಕಾದವಳು ಮಗುವೇ. ಅಜ್ಜಿ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ ಮುಂದೇನಾಯಿತು ಹೇಳು ನೋಡೋಣ ಎಂದು ಕೇಳುವುದಕ್ಕೆ ಇದನ್ನು ಹೋಲಿಸಬಹುದು.

ಈ ಫಲಿತಾಂಶಗಳನ್ನು ಎಚ್ಚರಿಕೆಯಿಂದ ಓದಬೇಕು. ಈ ಕ್ಷೇತ್ರದ ಅನೇಕ ಪ್ರಯೋಗಗಳಲ್ಲಿ ರೋಬೋಟ್‌ನ ಮಾತುಗಳನ್ನು ತೆರೆಮರೆಯಲ್ಲಿ ಕುಳಿತ ಮನುಷ್ಯರೇ ನಿಯಂತ್ರಿಸುತ್ತಾರೆ. ಪ್ರಯೋಗದ ಅವಧಿಯೂ ಚಿಕ್ಕದು. ಹೊಸ ವಸ್ತುವಿನ ಬೆರಗು ಇಳಿದ ಮೇಲೆ ಪರಿಣಾಮ ಉಳಿಯುತ್ತದೆಯೇ ಎಂಬುದು ಬೇರೆ ಮಾತು. ರೋಬೋಟ್‌ಗೆ ಸಂಬಂಧಿಸಿದ್ದಲ್ಲವಾದರೂ ಅನಿಲ್ ದೋಷಿ ಮತ್ತು ಆಲಿವರ್ ಹೌಸರ್ 2024ರಲ್ಲಿ ಪ್ರಕಟಿಸಿದ ಅಧ್ಯಯನವೂ ಇಲ್ಲಿ ಪ್ರಸ್ತುತ. ಕೃತಕ ಬುದ್ಧಿಮತ್ತೆಯ ಸಲಹೆ ಪಡೆದು ಬರೆದ ಸಣ್ಣ ಕಥೆಗಳು ಒಂದೊಂದಾಗಿ ಹೆಚ್ಚು ಸೃಜನಶೀಲವೆನಿಸಿದವು. ಆದರೆ ಅವುಗಳನ್ನು ಒಟ್ಟಾಗಿ ನೋಡಿದಾಗ ಒಂದರಂತೆ ಇನ್ನೊಂದು ಇದ್ದವು. ಪ್ರತಿ ತರಗತಿಯಲ್ಲೂ ಒಂದೇ ಯಂತ್ರ ಒಂದೇ ಬಗೆಯ ಕಿಡಿ ಹೊತ್ತಿಸಿದರೆ ಮಕ್ಕಳ ಕಲ್ಪನೆಗಳೂ ಒಂದೇ ಅಚ್ಚಿನಲ್ಲಿ ಮೂಡುವ ಅಪಾಯವಿದೆ.

ಇತ್ತೀಚಿನ ರೋಬೋಟ್‌ಗಳಿಗೆ ಬೃಹತ್ ಭಾಷಾ ಮಾದರಿಗಳನ್ನು ಜೋಡಿಸಲಾಗುತ್ತಿದೆ. ಗೂಗಲ್ ಸಂಶೋಧಕರು 2022ರಲ್ಲಿ ಪರಿಚಯಿಸಿದ ‘ಸೇ-ಕ್ಯಾನ್’ ವ್ಯವಸ್ಥೆಗೆ ಪಾನೀಯ ಚೆಲ್ಲಿತು, ನೆರವಾಗುವೆಯಾ ಎಂದರೆ ಸಾಕು, ಸ್ಪಂಜು ತರಬೇಕೆಂದು ಅದೇ ನಿರ್ಧರಿಸುತ್ತಿತ್ತು. 2023ರ ‘ಆರ್‌ಟಿ-2’ ಮಾದರಿ, ಮೊಳೆ ಹೊಡೆಯಲು ಎದುರಿಗಿರುವ ವಸ್ತುಗಳಲ್ಲಿ ಯಾವುದು ಉಪಯುಕ್ತ ಎಂದು ಕೇಳಿದಾಗ ಕಲ್ಲನ್ನು ಆರಿಸಿಕೊಂಡಿತು. ಸುತ್ತಿಗೆಯಿಲ್ಲದಾಗ ಕಲ್ಲೆತ್ತಿಕೊಳ್ಳುವ ಹಳ್ಳಿಗನ ಜಾಣ್ಮೆ ಯಂತ್ರದಲ್ಲೂ ಇಣುಕುತ್ತಿದೆ.

ಹಿರಿಯರ ಮನೆಯಲ್ಲಿ

ಸ್ವಯಂಪ್ರೇರಿತ ರೋಬೋಟ್ ಪ್ರಯೋಗಾಲಯದಿಂದ ಮನೆಗೆ ಬಂದಿರುವುದಕ್ಕೆ ಇಸ್ರೇಲ್‌ನ ಇಂಟ್ಯೂಷನ್ ರೋಬೋಟಿಕ್ಸ್ ಕಂಪನಿಯ ‘ಎಲಿಕ್ಯೂ’ ಉದಾಹರಣೆ. ಮೇಜಿನ ದೀಪವನ್ನು ಹೋಲುವ ಇದಕ್ಕೆ ಮುಖವಿಲ್ಲ. ಒಂಟಿಯಾಗಿ ಬದುಕುವ ಹಿರಿಯರನ್ನು ತಾನಾಗಿಯೇ ಮಾತಿಗೆಳೆಯುವುದು, ಔಷಧಿ ನೆನಪಿಸುವುದು, ವ್ಯಾಯಾಮ ಸೂಚಿಸುವುದು ಇದರ ಕೆಲಸ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹಿರಿಯರ ಇಲಾಖೆ 800ಕ್ಕೂ ಹೆಚ್ಚು ಮಂದಿಗೆ ಇದನ್ನು ಒದಗಿಸುವುದಾಗಿ 2022ರಲ್ಲಿ ಪ್ರಕಟಿಸಿತು.

ಕೇಳಿದಾಗ ಮಾತ್ರ ಉತ್ತರಿಸುವ ಸಾಧನ ಒಂಟಿಯಾದವರಿಗೆ ಹೆಚ್ಚು ಒದಗಿಬಾರದು. ಮಾತು ಆರಂಭಿಸುವ ಉತ್ಸಾಹ ಕುಂದಿರುವುದೇ ಒಂಟಿತನದ ಒಂದು ಲಕ್ಷಣ. ಹಾಗಾಗಿ ಇಲ್ಲಿ ಮುಂದಾಗುವ ಗುಣಕ್ಕೆ ನಿಜವಾದ ಬೆಲೆಯಿದೆ. ಅದಕ್ಕೆ ತೆರಬೇಕಾದ ಬೆಲೆಯೂ ಸಣ್ಣದಲ್ಲ. ಮನೆಯವರ ನಿದ್ದೆ, ಊಟ, ಮೌನಗಳನ್ನು ಗಮನಿಸದೆ ಯಂತ್ರ ಸಕಾಲದಲ್ಲಿ ಮುಂದಾಗಲಾರದು. ಸ್ವಪ್ರೇರಣೆಯ ಇನ್ನೊಂದು ಮುಖ ನಿರಂತರ ಕಣ್ಗಾವಲು. ಜತೆಗೆ ಇಂತಹ ಯಂತ್ರದ ಆಯುಷ್ಯ ಕಂಪನಿಯ ಆಯುಷ್ಯವನ್ನು ಅವಲಂಬಿಸಿದೆ. 2017ರಲ್ಲಿ ಗ್ರಾಹಕರ ಕೈಸೇರಿದ ಜಿಬೊ, ಅದರ ಸರ್ವರ್‌ಗಳು ಸ್ಥಗಿತಗೊಳ್ಳಲಿವೆ ಎಂದು 2019ರಲ್ಲಿ ತಾನೇ ಬೀಳ್ಕೊಡುಗೆಯ ಮಾತು ಹೇಳಿತು. ಅದಕ್ಕೆ ಒಗ್ಗಿಕೊಂಡಿದ್ದ ಕುಟುಂಬಗಳಿಗೆ ಅದು ಬೇಸರದ ಸಂಗತಿಯಾಯಿತು.

ಕನ್ನಡದ ‘ಬೇಡ’ ಅರ್ಥವಾದೀತೇ?

ಕರ್ನಾಟಕಕ್ಕೂ ಈ ವಿಷಯ ದೂರದ್ದಲ್ಲ. ಬೆಂಗಳೂರಿನ ಇನ್ವೆಂಟೊ ರೋಬೋಟಿಕ್ಸ್ ತಯಾರಿಸಿದ ‘ಮಿತ್ರ’ 2017ರಲ್ಲಿ ಹೈದರಾಬಾದ್‌ನ ಜಾಗತಿಕ ಉದ್ಯಮಶೀಲತಾ ಶೃಂಗಸಭೆಯಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರನ್ನು ಸ್ವಾಗತಿಸಿತ್ತು. ಕೋವಿಡ್ ಕಾಲದಲ್ಲಿ, 2020ರಲ್ಲಿ, ನೋಯ್ಡಾದ ಆಸ್ಪತ್ರೆಯೊಂದರಲ್ಲಿ ರೋಗಿಗಳು ತಮ್ಮ ಕುಟುಂಬದವರೊಂದಿಗೆ ಮಾತನಾಡಲು ಅದು ನೆರವಾಯಿತು. ಗಗನಯಾನ ಯೋಜನೆಯ ಮಾನವರಹಿತ ಹಾರಾಟಕ್ಕಾಗಿ ಇಸ್ರೊ ರೂಪಿಸಿದ ‘ವ್ಯೋಮಮಿತ್ರ’ವನ್ನು 2020ರ ಜನವರಿಯಲ್ಲಿ ಬೆಂಗಳೂರಿನಲ್ಲೇ ಅನಾವರಣಗೊಳಿಸಲಾಯಿತು.

ಕನ್ನಡದ ಮನೆಯೊಂದರಲ್ಲಿ ರೋಬೋಟ್ ತಾನಾಗಿಯೇ ಮಾತು ಆರಂಭಿಸಬೇಕಾದರೆ ಮೊದಲ ವಾಕ್ಯದಲ್ಲೇ ತೊಡಕು ಎದುರಾಗುತ್ತದೆ. ಎದುರಿಗಿರುವವರನ್ನು ನೀನು ಎನ್ನಬೇಕೇ, ನೀವು ಎನ್ನಬೇಕೇ? ವಯಸ್ಸು, ಸಂಬಂಧ, ಸಲುಗೆಗಳನ್ನು ಅರಿಯದೆ ಇದನ್ನು ತೀರ್ಮಾನಿಸಲಾಗದು. ಇನ್ನೂ ಸೂಕ್ಷ್ಮವಾದದ್ದು ನಿರಾಕರಣೆ. ಊಟದ ಎಲೆಯ ಮುಂದೆ ಕುಳಿತವರು ಬೇಡ ಎಂದಾಗ ಅದು ಸಂಕೋಚದ ‘ಬೇಡ’ವೋ, ಹೊಟ್ಟೆ ತುಂಬಿದ ‘ಬೇಡ’ವೋ ಎಂಬುದನ್ನು ಬಡಿಸುವವರು ಮುಖ ನೋಡಿ ತಿಳಿಯುತ್ತಾರೆ. ಎಲೆಗೆ ಅಡ್ಡ ಹಿಡಿದ ಕೈ ಎಷ್ಟು ಬಿಗಿಯಾಗಿದೆ ಎಂಬುದರಲ್ಲೂ ಅರ್ಥವಿರುತ್ತದೆ. ಬೇರೆ ದೇಶದ ಮನೆಗಳಲ್ಲಿ ಚಿತ್ರೀಕರಿಸಿದ ವಿಡಿಯೊಗಳಿಂದ ಮಾತ್ರ ಕಲಿತ ಯಂತ್ರಕ್ಕೆ ಇದು ದಕ್ಕುವುದು ಕಷ್ಟ. ಆದರೆ ಯಂತ್ರದ ವಿಷಯದಲ್ಲಿ ಒಂದು ವ್ಯತ್ಯಾಸವನ್ನು ಒಪ್ಪಿಕೊಳ್ಳುವುದು ಕ್ಷೇಮ. ಬಡಿಸುವವರ ಒತ್ತಾಯ ಪ್ರೀತಿಯಾಗಬಹುದು, ರೋಬೋಟ್‌ನ ಒತ್ತಾಯ ಹಾಗಾಗದು. ಅದಕ್ಕೆ ಮೊದಲ ‘ಬೇಡ’ವೇ ಕೊನೆಯದಾಗಿರಬೇಕು.

ಮಿತಿ ಎಲ್ಲಿ?

ಕಾನೂನುಗಳು ಈ ದಿಕ್ಕಿನಲ್ಲಿ ಮೊದಲ ಹೆಜ್ಜೆಗಳನ್ನಿಟ್ಟಿವೆ. ಐರೋಪ್ಯ ಒಕ್ಕೂಟದ ಕೃತಕ ಬುದ್ಧಿಮತ್ತೆ ಕಾಯ್ದೆ 2024ರ ಆಗಸ್ಟ್‌ನಲ್ಲಿ ಜಾರಿಗೆ ಬಂದಿದ್ದು, ಕೆಲಸದ ಸ್ಥಳ ಮತ್ತು ಶಿಕ್ಷಣ ಸಂಸ್ಥೆಗಳಲ್ಲಿ ಜನರ ಭಾವನೆಗಳನ್ನು ಊಹಿಸುವ ವ್ಯವಸ್ಥೆಗಳನ್ನು, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳ ಹೊರತು, ನಿಷೇಧಿಸಿದೆ. ಈ ನಿಷೇಧ 2025ರ ಫೆಬ್ರುವರಿಯಿಂದ ಅನ್ವಯವಾಗಿದೆ. ಭಾರತದಲ್ಲಿ ವೈಯಕ್ತಿಕ ದತ್ತಾಂಶದ ರಕ್ಷಣೆಗಾಗಿ 2023ರಲ್ಲಿ ಸಂಸತ್ತು ಕಾಯ್ದೆ ಅಂಗೀಕರಿಸಿದೆ.

ಕಾನೂನಿಗಿಂತ ಮುಂಚೆ ವಿನ್ಯಾಸದಲ್ಲೇ ಪಾಲಿಸಬೇಕಾದ ಕೆಲವು ನಿಯಮಗಳು ಈವರೆಗಿನ ಅನುಭವದಿಂದ ಹೊರಹೊಮ್ಮುತ್ತವೆ. ತಪ್ಪಿದರೂ ಸರಿಪಡಿಸಬಹುದಾದ ಸಣ್ಣ ಕೆಲಸಗಳಲ್ಲಿ ಯಂತ್ರ ತಾನಾಗಿಯೇ ಮುಂದಾಗಬಹುದು. ಸರಿಪಡಿಸಲಾಗದ ಕೆಲಸಗಳಲ್ಲಿ ಕೇಳಲೇಬೇಕು. ಮುಂದಾಗುವ ಮೊದಲು ತನ್ನ ಇಂಗಿತವನ್ನು ತೋರಿಸಬೇಕು. ತಡೆಯಲು ಮನುಷ್ಯನಿಗೆ ಸಮಯ ಸಿಗಬೇಕು. ಏನನ್ನು ಗಮನಿಸುತ್ತಿದೆ ಎಂಬುದನ್ನು ಮುಚ್ಚಿಡಬಾರದು.

ಇವುಗಳಿಗೆಲ್ಲ ಮೇಲಾದ ಇನ್ನೊಂದು ನಿಯಮವಿದೆ. ಮನುಷ್ಯ ತಾನೇ ಮಾಡಬಯಸುವ ಕೆಲಸವನ್ನು ಯಂತ್ರ ಕಸಿದುಕೊಳ್ಳಬಾರದು. ಬೆರಳು ನಡುಗುವ ಅಜ್ಜ ಅಂಗಿಯ ಗುಂಡಿ ಹಾಕಿಕೊಳ್ಳಲು ಐದು ನಿಮಿಷ ತೆಗೆದುಕೊಳ್ಳಬಹುದು. ದಕ್ಷತೆಯ ಲೆಕ್ಕದಲ್ಲಿ ಅದು ನೆರವಿನ ಅಗತ್ಯ. ಅಜ್ಜನ ಲೆಕ್ಕದಲ್ಲಿ ಅದು ಆ ದಿನ ತಾನೇ ಮಾಡಿದ ಒಂದು ಕೆಲಸ. ಚಿತ್ರ ಬರೆಯುತ್ತಾ ಮುಂದಿನ ಬಣ್ಣ ತೋಚದೆ ಕುಳಿತ ಮಗುವಿನ ಮೌನವೂ ಅಂಥದೇ. ಆ ಮೌನವನ್ನು ಸಲಹೆಯಿಂದ ತುಂಬಿದರೆ ಚಿತ್ರ ಬೇಗ ಮುಗಿಯಬಹುದು, ಆದರೆ ಅದು ಮಗುವಿನದಾಗಿ ಉಳಿಯದು.

ಕೇಳದೆ ಬಾಗಿಲು ತೆರೆಯುವ ಯಂತ್ರವನ್ನು ಕಟ್ಟುವುದು ಸಾಧ್ಯವೆಂದು 2013ರಲ್ಲೇ ಸಾಬೀತಾಯಿತು. ಬಾಗಿಲನ್ನು ತಾನೇ ತೆರೆಯಲಿರುವವರನ್ನು ಗುರುತಿಸಿ ಪಕ್ಕಕ್ಕೆ ಸರ್ ನಿಲ್ಲುವ ಯಂತ್ರ ಅದಕ್ಕಿಂತ ಕಠಿಣ. ಮನುಷ್ಯ ಮತ್ತು ರೋಬೋಟ್ ಒಡನಾಟದ ಮುಂದಿನ ವರ್ಷಗಳ ನಿಜವಾದ ಪರೀಕ್ಷೆ ಅದೇ ಆಗಿದೆ.